ಕಾಗದದ ಮಡಿಕೆಗೆ ಸಿಕ್ಕ ಗೋಡೆ

ಅರ್ಥವಾಗದ ಚಿತ್ರ ಬರೆಯುವವನಿಗೆ ಬುದ್ಧಿ ಹೇಳುವುದು ತಮ್ಮ ಜನ್ಮಸಿದ್ಧ ಹಕ್ಕು ಎಂದು ನಮ್ಮ ಕಡೆ ಎಲ್ಲರೂ ನಂಬಿದ್ದಾರೆ. ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ಕೊಪ್ಪದ ಹೊಸ ವಾಚನಾಲಯದ ಮುಂಗೋಡೆ ಚಿತ್ರ ಬರೆಯಲು ನನಗೆ ಸಿಕ್ಕಿತು. ನನ್ನ ಮೊದಲ ಗೋಡೆ. ಮಡಚಿ ಬಿಡಿಸಿದ ಕಾಗದದ ಗೆರೆ, ನೆರಳು, ಅಷ್ಟನ್ನೇ ಬರೆಯುತ್ತೇನೆಂದೆ. ಅದನ್ನು ಯಾರಾದರೂ ಒಬ್ಬರು ಚಿತ್ರವೆಂದು ನೋಡಲಿ ಎನ್ನುವುದೇ ನನ್ನ ಆಸೆ. ನೋಡಿದರೆ ತಾನೆ!

೧. ಸಾಬರ ಪರೀಕ್ಷೆ

ದಿನಸಿ ಅಂಗಡಿಯ ಸಾಬರು ಹಳೇ ಪೇಪರಿನಲ್ಲಿ ಪೊಟ್ಟಣ ಕಟ್ಟುವ ಚಂದ ನೋಡಿಯೇ ನನಗೆ ಈ ಚಿತ್ರ ಹೊಳೆದದ್ದು. ಹೆಮ್ಮೆಯಿಂದ ಅವರನ್ನು ಕರೆತಂದು ತೋರಿಸಿದೆ. ಕತ್ತು ಓರೆ ಮಾಡಿ ಬಹಳ ಹೊತ್ತು ನೋಡಿದರು.

“ಬಣ್ಣ ಚಂದ ಇದೆ ಮಾರಾಯ್ರೆ. ಆದ್ರೆ ಆ ಕೆಳಗಿನ ಮೂಲೆ ಒಳಗೆ ಮಡಚಿಲ್ಲ. ಸಕ್ಕರೆ ಪೂರಾ ಸೋರ್ತದೆ.”

“ಇದು ಸಕ್ಕರೆ ಹಾಕೋದಕ್ಕಲ್ಲ!” ಎಂದು ಕಿರುಚಿದೆ.

“ರವೆಗಾ? ಅದೂ ಸೋರ್ತದೆ.”

೨. ಅಧ್ಯಕ್ಷರ ಸಂದೇಹ

ವಾಚನಾಲಯದ ಅಧ್ಯಕ್ಷರು ಎಲೆಅಡಿಕೆ ಜಗಿಯುತ್ತಾ ಬಂದರು.

“ಮಡಚಿದ ಕಾಗದ ಅಂತೀಯಲ್ಲ, ಒಳಗೆ ಎಂತ ಬರೆದಿದೆ?”

“ಏನೂ ಇಲ್ಲ.”

“ಏನೂ ಬರೆಯದೆ ಯಾರು ಮಾರಾಯ ಮಡಚ್ತಾರೆ? ಬಿಡಿಸಿ ಒಂದು ‘ಸುಸ್ವಾಗತ’ ಬರೆದುಬಿಡು.”

ನನ್ನ ಮೈ ಉರಿದುಹೋಯಿತು. ಕೈಯಲ್ಲಿದ್ದ ಕುಂಚ ಅವರ ಬಿಳಿ ಪಂಚೆಯ ಮೇಲೆ ಬಿತ್ತು. ಕೈತಪ್ಪಿ ಬಿತ್ತೆಂದೇ ಇವತ್ತಿಗೂ ಹೇಳುತ್ತೇನೆ.

೩. ಗೋಡೆಯ ಮರ್ಯಾದೆ

ಉದ್ಘಾಟನೆಗೆ ಬೆಂಗಳೂರಿನ ಕಲಾ ವಿಮರ್ಶಕರೊಬ್ಬರು ಬರುವವರಿದ್ದರು. ಇವರಾದರೂ ನೋಡುತ್ತಾರೆ ಎಂದು ಜೀವ ಹಿಡಿದುಕೊಂಡಿದ್ದೆ. ಆ ಬೆಳಿಗ್ಗೆ ಹೋಗಿ ನೋಡಿದರೆ, ಚಿತ್ರದ ನಟ್ಟನಡುವೆ, ನಾನು ಉಸಿರು ಬಿಗಿಹಿಡಿದು ಬರೆದ ಉದ್ದನೆಯ ಮಡಿಕೆಯ ಮೇಲೆ ಹಸಿ ಸಿಮೆಂಟು! ಕಟ್ಟಡದ ಕಂಟ್ರಾಕ್ಟರು ಪಕ್ಕದಲ್ಲೇ ನಗುತ್ತಾ ನಿಂತಿದ್ದರು.

“ಗೋಡೆ ಬಿರುಕು ಬಿಟ್ಟಿತ್ತು ಮಾರಾಯ್ರೆ. ದೊಡ್ಡೋರು ಬರೋವಾಗ ಮರ್ಯಾದೆ ಹೋಗ್ತದಲ್ಲ, ಮೇಸ್ತ್ರಿ ಹತ್ರ ಮೆತ್ತಿಸಿದೆ. ನಿಮ್ಮ ಚಿತ್ರಕ್ಕೆ ಏನೂ ಆಗಿಲ್ಲ.”

ಸಿಟ್ಟಿನಲ್ಲಿ ಸಿಮೆಂಟು ಕೆರೆದು ತೆಗೆಯಲು ಹೊರಟೆ. ಅಷ್ಟರಲ್ಲಿ ಕಾರು ಬಂತು. ವಿಮರ್ಶಕರು ನನ್ನ ಬಣ್ಣಗಳ ಮೇಲೆ ಒಮ್ಮೆ ಕಣ್ಣಾಡಿಸಿ, ಸಿಮೆಂಟಿನ ಮುಂದೆ ಕೈಕಟ್ಟಿ ನಿಂತರು.

“ಉಳಿದದ್ದೆಲ್ಲ ಬರೀ ಅಲಂಕಾರ. ಕಲೆ ಇರೋದು ಇಲ್ಲಿ. ಎಂಥ ಮೌನ! ನಮ್ಮ ಕಲಾಶಾಲೆಯ ಗೋಡೆಗೂ ಇಂಥದ್ದೇ ಒಂದು ಬೇಕು.”

ನಾನು ಹಲ್ಲು ಕಡಿಯುತ್ತಾ ಏನೋ ಹೇಳಹೊರಡುವಷ್ಟರಲ್ಲಿ ಕಂಟ್ರಾಕ್ಟರು ಮುಂದೆ ಬಂದು ಕೈಮುಗಿದರು.

“ಅದಕ್ಕೇನು ಸಾರ್, ಮೇಸ್ತ್ರಿಯನ್ನ ನಾಳೆಯೇ ಕಳಿಸ್ತೇನೆ.”