ಮೂರನೇ ತಿರುವಿನ ದನಿ

"ಈ ಶನಿವಾರ ಗೆದ್ದೇ ಗೆಲ್ತೀನಿ! ಗೆಲ್ಲದಿದ್ರೆ ಕಾರು ಮಾರಿ, ಗ್ಯಾರೇಜನ್ನ ನಿಮ್ಮಮ್ಮನಿಗೆ ಬಿಟ್ಕೊಡ್ತೀನಿ. ಸಾಕಾ?"

ಜೋಳದ ರೊಟ್ಟಿಯ ತುಂಡನ್ನು ಬೀನ್ಸ್ ಸಾರಿಗೆ ಅದ್ದುತ್ತಾ ವರ್ಲಿನ್ ಟ್ಯಾಕೆಟ್ ಈ ಭೀಷ್ಮ ಪ್ರತಿಜ್ಞೆ ಮಾಡಿದ. ಹೆಂಡತಿ ನೆಡ್ರಾ ಚಮಚ ಕೆಳಗಿಟ್ಟಳು.

"ಇನ್ನೊಂದ್ಸಲ ಹೇಳು. ಅಮ್ಮಂಗೂ ಕೇಳಿಸ್ಲಿ."

"ಕೇಳಿಸ್ತು ಕಣೇ!" ಎಂದು ಸೋಫಾದಿಂದ ಅತ್ತೆ ಇಮೋಜೀನಳ ಉತ್ತರ ಬಂತು. ಮಂಡಿನೋವಿನಿಂದ ಮೆಟ್ಟಿಲು ಹತ್ತಲಾರದೆ ಆಕೆ ಬೇಸಿಗೆಯಿಂದ ಆ ಸೋಫಾದ ಮೇಲೇ ಠಿಕಾಣಿ ಹೂಡಿದ್ದಳು. ಆಕೆಯ ಕಣ್ಣೆಲ್ಲ ಮೆಟ್ಟಿಲೇ ಇಲ್ಲದ ಗ್ಯಾರೇಜಿನ ಮೇಲೆ.

ವರ್ಲಿನ್ ಊರವರ ಮನೆಯ ಹೀಟರ್ ರಿಪೇರಿ ಮಾಡಿ ಹೊಟ್ಟೆ ಹೊರೆಯುವವನು. ಆದರೆ ಶನಿವಾರ ಬಂತೆಂದರೆ ಸಾಕ್ಷಾತ್ ರೇಸ್ ವೀರ! ಇಷ್ಟು ವರ್ಷಗಳಲ್ಲಿ ಗೆದ್ದದ್ದು ಒಂದೇ ಸಲ, ಅದೂ ಮುಂದಿದ್ದವರೆಲ್ಲ ಒಬ್ಬರಿಗೊಬ್ಬರು ಗುದ್ದಿಕೊಂಡ ಪುಣ್ಯದಿಂದ. ಆದರೂ ರೇಸಿಗೆಂದೇ ಮಾರ್ಪಡಿಸಿದ ಆ ಸ್ಟಾಕ್ ಕಾರೆಂದರೆ ಅವನಿಗೆ ಪ್ರಾಣ. ಹೆಂಡತಿಯೊಡನೆ ಜಗಳವಾದಾಗಲೆಲ್ಲ ಗ್ಯಾರೇಜಿಗೆ ಹೋಗಿ ಅದರೊಳಗೆ ಕೂರುತ್ತಿದ್ದ. ಅದೂ ಹೋದರೆ ಮನೆಯಲ್ಲಿ ಮುನಿಸಿಕೊಂಡು ಕೂರಲಿಕ್ಕೂ ಅವನಿಗೆ ಜಾಗವಿಲ್ಲ!

ಶನಿವಾರ ಸಂಜೆ ಡಾಬಿನ್ಸ್ ಗ್ಯಾಪ್ ಎಂಬಲ್ಲಿನ ರೇಸ್ ಟ್ರ್ಯಾಕಿನಲ್ಲಿ ಅತ್ತೆಯೂ ಹಾಜರ್. ಟೈರ್ ಬದಲಿಸುವ ಮುದುಕ ಹೋಬರ್ಟ್ ಕಾರಿನ ಕಿಟಕಿಯಿಂದ ಒಳಗೆ ಇಣುಕಿದವನೇ ಬಿಳಿಚಿಕೊಂಡ.

"ವರ್ಲಿನ್, ಸೀಟಿನ ಮೇಲೆ ಏನಿದೆ ನೋಡು."

ಕಡಲೆಕಾಯಿ ಸಿಪ್ಪೆ!

ಟೆನೆಸೀ ಬೆಟ್ಟಗಳ ಈ ರೇಸಿನವರು ಮುರಿದ ಪಕ್ಕೆಲುಬಿಗೆ ಬಟ್ಟೆ ಸುತ್ತಿಕೊಂಡು ಕಾರು ಓಡಿಸುವಂಥ ಗಟ್ಟಿಗರು. ಆದರೆ ಕಾರಿನ ಹತ್ತಿರ ಕಡಲೆಕಾಯಿ ಸಿಪ್ಪೆ ಕಂಡರೆ ಮುಗಿಯಿತು, ಸಾವಿನ ಶಕುನವೆಂದು ಆರಡಿ ಆಳೂ ಕಾರು ಹತ್ತಲು ಹೆದರುತ್ತಾನೆ.

"ಯಾರು ಚೆಲ್ಲಿದ್ದು ಇದನ್ನ?" ವರ್ಲಿನ್ ಗುಡುಗಿದ.

"ನಾನೇ ಕಣಪ್ಪಾ," ಎಂದಳು ಇಮೋಜೀನ್ ಬಾಯಾಡಿಸುತ್ತಾ. "ತಿಂತಾ ತಿಂತಾ ಒಳಗೆ ಬಗ್ಗಿ ನೋಡ್ದೆ. ಅದೇನು ಸೀಟೋ! ಅದ್ಕಿಂತ ನಮ್ಮ ಸೋಫಾನೇ ವಾಸಿ."

ಹೋಬರ್ಟ್ ಅವನನ್ನು ಪಕ್ಕಕ್ಕೆ ಎಳೆದ. "ಹಿಂದೆ ಇಲ್ಲೇ ರೇಸ್ ಓಡಿಸ್ತಿದ್ದ ರಾಯ್ಸ್ ಇದ್ನಲ್ಲ, ಅವನ ಕಾರಲ್ಲೂ ಹೀಗೇ ಸಿಪ್ಪೆ ಸಿಕ್ಕಿತ್ತು ಕಣೋ. ಮೂರನೇ ತಿರುವಲ್ಲಿ ನೇರ ಗೋಡೆಗೆ ಹೋದ. ಹೆಣ ತೆಗೆಯೋಕೆ ನಾನೂ ಕೈ ಹಾಕಿದ್ದೆ. ಅವತ್ತೂ ಬೆಟ್ಟದ ಮೇಲೆ ಹೀಗೇ ಮಂಜು ಕವಿದಿತ್ತು."

"ಹೋಗಯ್ಯಾ, ಅದೆಲ್ಲ ಹಳೇ ಕಥೆ!" ವರ್ಲಿನ್ ನಕ್ಕ. ನಕ್ಕದ್ದು ಬಾಯಿ ಮಾತ್ರ. ಸೀಟನ್ನು ಉಜ್ಜಿ ಉಜ್ಜಿ ಒರೆಸಿದ, ಆಮೇಲೆ ಇನ್ನೊಂದು ಸಲ ಒರೆಸಿದ.

ರೇಸ್ ಶುರುವಾಯಿತು. ಬೆಟ್ಟದಿಂದ ಇಳಿದ ಮಂಜು ಬೇರೆಲ್ಲೂ ಹೋಗದೆ ಮೂರನೇ ತಿರುವಿನಲ್ಲೇ ಬಂದು ನಿಂತಿತು. ರೇಸ್ ನಿಲ್ಲಿಸೋಣವೇ ಎಂದು ಸಂಘಟಕರು ಯೋಚಿಸುವಷ್ಟರಲ್ಲಿ ತೆಳುವಾಗುತ್ತಿತ್ತು. ಬೇಡ ಎಂದುಕೊಂಡ ಕೂಡಲೇ ದಟ್ಟವಾಗುತ್ತಿತ್ತು. ಅದಕ್ಕೆ ಬುದ್ಧಿ ಇದ್ದಂತಿತ್ತು ಮಾರಾಯರೇ!

ಹೆಲ್ಮೆಟ್ಟು ಬೆಲ್ಟುಗಳಲ್ಲಿ ಬಿಗಿದು ಕೂತವನಿಗೆ ಕತ್ತು ತಿರುಗಿಸಲೂ ಆಗದು. ಆದ್ದರಿಂದ ಗ್ಯಾಲರಿಯ ಮಾಡಿನ ಮೇಲೆ ನಿಂತು ರೇಡಿಯೋದಲ್ಲಿ ದಾರಿ ಹೇಳುವ ಕೆಲಸ ನೆಡ್ರಾಳದು.

"ನೆಡ್ರಾ, ಏನು ಕಾಣ್ತಿದೆ?"

"ಮೂರನೇ ತಿರುವೊಂದು ಬಿಟ್ಟು ಎಲ್ಲಾ ಕಾಣ್ತಿದೆ."

"ನಂಗೆ ಬೇಕಾಗಿರೋದು ಅದೇ ಕಣೇ!"

ಟ್ರ್ಯಾಕಿನ ಕಾಂಕ್ರೀಟ್ ಚಪ್ಪಡಿಗಳ ಸಂದುಗಳ ಮೇಲೆ ಟೈರು ಡಬ್ ಡಬ್ ಎನ್ನುತ್ತಿತ್ತು. ಮಂಜಿನೊಳಗೆ ನುಗ್ಗಿದ ಕ್ಷಣ ಆ ಸದ್ದೂ ನಿಂತುಹೋಯಿತು. ಎಂಜಿನ್ನಿನ ಸದ್ದೂ ಇಲ್ಲ. ಕಿವಿಯೊಳಗೆ ಮಾತ್ರ 'ಕಟಕ್' ಎಂದಿತು. ಯಾರೋ ಕಡಲೆಕಾಯಿ ಮುರಿದಂತೆ.

"ನೆಡ್ರಾ? ಏನೇ ತಿಂತಿದ್ದೀಯ?"

ಒಲೆಯಂತೆ ಕಾಯುತ್ತಿದ್ದ ಕಾರಿನೊಳಗೆ ಅವನ ಬೆವರು ತಣ್ಣಗಾಯಿತು. ಆಮೇಲೆ ಒಂದು ಗಂಡು ದನಿ, ನಿಧಾನವಾಗಿ, ಪಕ್ಕದಲ್ಲೇ ಕೂತವರ ಹಾಗೆ:

"ಮೇಲಕ್ಕೆ ತಗೊಳ್ಳೋ ಹುಡ್ಗಾ. ಗೋಡೆ ಪಕ್ಕಕ್ಕೆ."

ಐವತ್ತು ದಾಟಿದವನನ್ನು ಹುಡುಗ ಎನ್ನುವವರು ಯಾರು? ಕೈ ತಾನಾಗಿ ಸ್ಟೀರಿಂಗ್ ತಿರುಗಿಸಿತು. ಗೋಡೆಯಿಂದ ಒಳಕ್ಕೆ ಇಳಿಜಾರಾಗಿದ್ದ ಆ ತಿರುವಿನ ಕೆಳಗೆ, ಮಂಜಿನಲ್ಲಿ, ಕಾರಿಗೆ ಕಾರು ಬಡಿದು ರಾಶಿ ಬಿದ್ದಿತ್ತು! ಗೋಡೆಗೂ ಆ ರಾಶಿಗೂ ನಡುವೆ ವರ್ಲಿನ್ ಬಣ್ಣವೂ ಕೆರೆಯದಂತೆ ಜಾರಿ ಹೊರಬಂದ.

ಒಡೆದ ಕಾರುಗಳನ್ನು ಎಳೆದುಹಾಕಿ ಮತ್ತೆ ಬಾವುಟ ಬೀಸಿದರು. ಮತ್ತೆ ಮೂರನೇ ತಿರುವು, ಮತ್ತೆ ಅದೇ ದನಿ: "ಈಗ ಕೆಳಗೆ." ವರ್ಲಿನ್ ಒಂದೇ ಏಟಿಗೆ ಮುಂದಿದ್ದವರನ್ನೆಲ್ಲ ಹಿಂದೆ ಹಾಕಿದ. ಕೊನೆಯ ಸುತ್ತಿನ ಬಿಳಿ ಬಾವುಟ ಬೀಸಿದಾಗ ಅವನೇ ಮುಂದೆ! ಕಾರು ಉಳಿಯಿತು, ಗ್ಯಾರೇಜು ಉಳಿಯಿತು! ಹೆಲ್ಮೆಟ್ಟಿನೊಳಗೆ ಅವನಿಗೆ ಅಳುವೇ ಬಂತು.

ಅಷ್ಟರಲ್ಲಿ ಕಿವಿಯಲ್ಲಿ ಗೊರಗೊರ ಸದ್ದಿನ ನಡುವೆ ಒಡಕು ದನಿ: "ಒಳಗೆ ಬಾ! ಚಕ್ರ ಕಳಚ್ಕೊಳ್ತಿದೆ! ಬಾ ಒಳಗೆ!"

ಎರಡು ಸಲ ಕೈಹಿಡಿದ ದೆವ್ವದ ಮಾತನ್ನು ಮೂರನೇ ಸಲ ಮೀರುವುದುಂಟೇ? ಸರ್ರನೆ ಟ್ರ್ಯಾಕಿನಿಂದ ಒಳಗಿನ ರಿಪೇರಿ ಜಾಗಕ್ಕೆ ತಿರುಗಿಸಿ, ಹೋಬರ್ಟನ ಮುಂದೆ ತಂದು ನಿಲ್ಲಿಸಿದ. ಆಚೆ ಉಳಿದವರೆಲ್ಲ ಗೆಲುವಿನ ಗೆರೆ ದಾಟಿದರು.

ಹೋಬರ್ಟ್ ನಾಲ್ಕೂ ಚಕ್ರ ಅಲ್ಲಾಡಿಸಿ ನೋಡಿದ. "ಬಿಗಿಯಾಗೇ ಇದೆಯಲ್ಲೋ! ಯಾಕೆ ಬಂದೆ?"

ವರ್ಲಿನ್ ಕಣ್ಣು ಹೊರಳಿಸಿದ. ಕುರ್ಚಿಯ ಮೇಲೆ ಅತ್ತೆ, ಆಕೆಯ ಮಡಿಲಲ್ಲಿ ಹೋಬರ್ಟನ ರೇಡಿಯೋ.

"ಅತ್ತೇ! ನೀವಾ ಕೂಗಿದ್ದು?"

"ಇನ್ನೇನು ಮಾಡ್ಲಪ್ಪಾ? ಗೆದ್ದೇ ಬಿಡ್ತಿದ್ಯಲ್ಲಾ!"

ವರ್ಲಿನ್ ತಲೆಯ ಮೇಲೆ ಕೈ ಹೊತ್ತು ಕೂತ. ಆಮೇಲೆ ತಲೆಯೆತ್ತಿ ಕೇಳಿದ, "ಮೇಲಕ್ಕೆ ತಗೋ, ಕೆಳಗೆ ತಗೋ ಅಂದಿದ್ದೂ ನೀವೇನಾ?"

"ನಂಗೇನು ಗೊತ್ತಪ್ಪಾ ಮೇಲೆ ಕೆಳಗೆ? ಅದ್ಯಾರೋ ಗಂಡಸ್ರು. ಎಷ್ಟು ನಯವಾಗಿ ಮಾತಾಡ್ತಿದ್ರು! ನಡುವೆ ಬಾಯಿ ಹಾಕ್ಬಾರ್ದು ಅಂತ ಸುಮ್ನಿದ್ದೆ."

ಮಾಡಿನಿಂದ ಇಳಿದು ಬಂದ ನೆಡ್ರಾ ಹೇಳಿದಳು, "ನಂಗೆ ಯಾವ ಗಂಡಸಿನ ದನೀನೂ ಕೇಳಿಸ್ಲಿಲ್ಲ." ಹೋಬರ್ಟ್ ಟೋಪಿ ತೆಗೆದು ಮೂರನೇ ತಿರುವಿನ ಕಡೆ ನೋಡಿದ. ಅಲ್ಲಿ ಮಂಜಿರಲಿಲ್ಲ.

ಕೊಟ್ಟ ಮಾತು ಕೊಟ್ಟ ಮಾತೇ. ಕಾರು ಪಕ್ಕದ ಊರಿಗೆ ಮಾರಾಟವಾಯಿತು, ಗ್ಯಾರೇಜಿಗೆ ಮಂಚ ಬಂತು, ಇಮೋಜೀನ್ ಬಂದಳು. ಒಂದು ಸಂಜೆ ಹೆಂಡತಿಯ ಮೇಲೆ ಮುನಿಸಿಕೊಂಡ ವರ್ಲಿನ್ ಅಭ್ಯಾಸಬಲದಿಂದ ಆ ಬಾಗಿಲಿಗೇ ಹೋಗಿ ನಿಂತ. ಒಳಗೆ ಯಾರೋ ನಗುತ್ತಿದ್ದರು. ಗಂಡಸಿನ ನಗು.

ಬಾಗಿಲು ತಳ್ಳಿದ. ಅತ್ತೆ ಒಬ್ಬಳೇ ಕೂತಿದ್ದಳು. ಎದುರಿಗೆ ಖಾಲಿ ಕುರ್ಚಿ, ಅದರ ಮುಂದೆ ಹಬೆಯಾಡುವ ಇನ್ನೊಂದು ಕಪ್ ಕಾಫಿ.

"ಬಾರಪ್ಪಾ ವರ್ಲಿನ್, ಯಾಕಲ್ಲಿ ನಿಂತೆ?" ಎಂದಳು ಇಮೋಜೀನ್, ನಕ್ಕು ನಕ್ಕು ಒದ್ದೆಯಾದ ಕಣ್ಣೊರೆಸಿಕೊಳ್ಳುತ್ತಾ. "ರಾಯ್ಸ್ ಅವ್ರಿಗೆ ನಗು ತಡೆಯೋಕೇ ಆಗ್ತಿಲ್ಲ. ಸತ್ತೋರ ಮಾತು ಕೇಳಿ ಮುಂದೆ ಬಂದು, ಅತ್ತೆ ಮಾತು ಕೇಳಿ ಸೋತೋನು ಆ ಟ್ರ್ಯಾಕಲ್ಲಿ ನೀನೊಬ್ನೇ ಅಂತೆ!"