ಶೀನಪ್ಪ ಮಾಸ್ಟ್ರ ಹರಿಯದ ನಕ್ಷೆ

ಹೆಂಡತಿಯನ್ನು ಮಂಗೋಲಿಯಾಕ್ಕೆ ಕರೆದುಕೊಂಡು ಹೋಗುವುದು ಸುಲಭವಲ್ಲ ಸ್ವಾಮಿ! ವೀಸಾ ಸಿಗಬಹುದು, ವಿಮಾನ ಸಿಗಬಹುದು, ಪ್ರೇಮಾವತಿಯ ‘ಆಯ್ತು’ ಸಿಗಬೇಕಲ್ಲ? ತೋಡಾರಿನ ಶೀನಪ್ಪ ಮಾಸ್ಟ್ರು ಆರು ತಿಂಗಳಿಂದ ಅದೊಂದಕ್ಕಾಗಿ ಒದ್ದಾಡುತ್ತಿದ್ದರು. ಮೂವತ್ತು ವರ್ಷ ಭೂಗೋಳ ಕಲಿಸಿ ನಿವೃತ್ತರಾದವರು, ಘಟ್ಟ ಹತ್ತಿದ್ದೇ ಕಡಿಮೆ. ಕೊನೆಗೆ ಆ ದೇಶದ ಮಡಚುವ ರಸ್ತೆ ನಕ್ಷೆಯನ್ನೇ ತರಿಸಿಬಿಟ್ಟರು.

“ನೋಡು ಮಾರಾಯ್ತಿ, ಹರಿಯುವುದಿಲ್ಲ, ನೆನೆಯುವುದಿಲ್ಲ!” ಎಂದು ಅದನ್ನು ಬಕೆಟ್ಟಿನಲ್ಲಿ ಅದ್ದಿ ತೋರಿಸಿದರು. (ಬಕೆಟ್ಟಿನಲ್ಲಿ ಪ್ರೇಮಾವತಿಯ ಸೀರೆ ನೆನೆಯುತ್ತಿತ್ತು. ಆ ಬೈಗುಳ ಇಲ್ಲಿ ಬೇಡ.)

“ನಕ್ಷೆ ನೆನೆಯದಿದ್ರೆ ಸಾಕಾ? ಅಲ್ಲಿ ದಾರಿ ತಪ್ಪಿದ್ರೆ?”

“ನಾನಾ? ದಾರಿ ತಪ್ಪುವುದಾ?”

“ಹಾಗಾದ್ರೆ ಭಾನುವಾರ ಮುಂಡಾಜೆಗೆ, ಜ್ಯೋತ್ಸ್ನಾಳ ಮನೆ ಒಕ್ಕಲಿಗೆ ಕರ್ಕೊಂಡು ಹೋಗಿ ನೋಡುವ. ತಂಗಿಯ ಹೊಸ ಜಾಗ ನಾವಿಬ್ರೂ ಕಂಡದ್ದಿಲ್ಲ.”

“ಕಾರು ಹೊರಟ ಮೇಲೆ ಫೋನ್ ಮುಟ್ಟುವುದಿಲ್ಲ, ಯಾರನ್ನೂ ಕೇಳುವುದೂ ಇಲ್ಲ! ಕೇಳಿದ್ರೆ ಮತ್ತೆ ಮಂಗೋಲಿಯಾದ ಹೆಸರೆತ್ತುವುದಿಲ್ಲ!” ಎಂದು ಮಾಸ್ಟ್ರು ಘೋರ ಪ್ರತಿಜ್ಞೆ ಮಾಡಿದರು. ಪ್ರೇಮಾವತಿ ಬರೀ ‘ಹೂಂ’ ಎಂದರು.

ಶನಿವಾರ ಜ್ಯೋತ್ಸ್ನಾ ಫೋನಿನಲ್ಲಿ ಗೃಹಪ್ರವೇಶದ ಮನೆಗೆ ಸೇತುವೆ, ಶಾಲೆ ಎಂದು ಗುರುತು ಕೊಟ್ಟು ದಾರಿ ಹೇಳಿದಳು. ಮಾಸ್ಟ್ರು ಸ್ಕೆಚ್ ಪೆನ್ನಿನಿಂದ ಅದನ್ನು ನೇರ ನಕ್ಷೆಯ ಗೋಬಿ ಮರುಭೂಮಿಯಲ್ಲಿ ಬರೆದುಕೊಂಡರು. ಅಷ್ಟು ದೊಡ್ಡ ಮರುಭೂಮಿ ಸುಮ್ಮನೆ ಖಾಲಿ ಬಿದ್ದಿತ್ತಲ್ಲ!

ಭಾನುವಾರ ಬೆಳ್ತಂಗಡಿ ದಾಟಿ ಮುಂಡಾಜೆಯವರೆಗೆ ಕಾರು ಜುಮ್ಮೆಂದು ಹೋಯಿತು. ಒಳರಸ್ತೆಗೆ ತಿರುಗಿ ನಕ್ಷೆ ಬಿಡಿಸಿದರೆ ಗೋಬಿಯಲ್ಲಿ ಸೇತುವೆಯೂ ಇಲ್ಲ, ಶಾಲೆಯೂ ಇಲ್ಲ. ಎಲ್ಲ ಮಾಸ್ಟ್ರ ಹೆಬ್ಬೆರಳಿಗೂ ಬಿಳಿ ಅಂಗಿಗೂ ವಲಸೆ ಬಂದಿದ್ದವು. ನೀರು ಹಿಡಿಯದ ಕಾಗದ ಶಾಯಿಯನ್ನೂ ಹಿಡಿಯುವುದಿಲ್ಲ ಎಂಬುದು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ, ಪಾಪ.

ಅಂದಾಜಿನಲ್ಲಿ ನುಗ್ಗಿದರು, ರಬ್ಬರ್ ತೋಟ ಸಿಕ್ಕಿತು. ತಿರುಗಿಸಿಕೊಂಡು ಬೇರೆ ಕಡೆ ಹೋದರು, ಅದೇ ರಬ್ಬರ್ ತೋಟ. ಅಲ್ಲಿ ಮರದ ಹಾಲು ಸಂಗ್ರಹಿಸುತ್ತಿದ್ದ ಮೊಯಿದಿನಬ್ಬ ಎಂಬವರು ಮೂರನೇ ಸಲ ಕಾರು ಕಂಡಾಗ ಹಳೇ ಪರಿಚಯದವರ ಹಾಗೆ ಕೈ ಎತ್ತಿದರು.

ಪ್ರೇಮಾವತಿ ಬೈಯುವ ಬದಲು ಮತ್ತೆ ಮತ್ತೆ ಗಡಿಯಾರ ನೋಡಿದರು. ಮಾಸ್ಟ್ರಿಗೆ ಅದೇ ಹೆಚ್ಚು ಹೆದರಿಕೆ.

“ಹನ್ನೊಂದೂವರೆಗೆ ಹಾಲುಕ್ಕಿಸ್ಲಿಕ್ಕುಂಟು,” ಎಂದರು ಆಕೆ ಸಣ್ಣ ಸ್ವರದಲ್ಲಿ. “ಅಮ್ಮ ಇಲ್ಲ. ನಾನಾದ್ರೂ ಹತ್ರ ನಿಲ್ತೇನೆ ಅಂತ ಅವಳಿಗೆ ಹೇಳಿದ್ದೆ.”

ಆಕೆಯ ಕಣ್ಣು ತುಂಬಿತ್ತು. ಮಾಸ್ಟ್ರು ಗಕ್ಕನೆ ಬ್ರೇಕು ಒತ್ತಿದರು. ಹಾಳಾಗಿ ಹೋಗಲಿ ಮಂಗೋಲಿಯಾ! ಗಾಜು ಇಳಿಸಿ, ಮೊಯಿದಿನಬ್ಬರತ್ತ “ಸ್ವಲ್ಪ ನಿಲ್ಲಿ ಮಾರಾಯ್ರೆ! ಇವತ್ತು ಒಕ್ಕಲಿನ ಮನೆ ಎಲ್ಲಿ?” ಎಂದು ಕೂಗಿದರು.

“ಆಗಲೇ ಕೇಳ್ಬಾರ್ದಿತ್ತಾ ಸಾರ್? ನನಗೂ ಅಲ್ಲಿಯೇ ಊಟ!” ಎಂದು ಮೊಯಿದಿನಬ್ಬ ಸ್ಕೂಟರು ಹತ್ತಿ ಮುಂದೆ ಹೊರಟರು. ನಾಲ್ಕೇ ನಿಮಿಷ. ಹಾಲು ಉಕ್ಕುವಾಗ ಪ್ರೇಮಾವತಿ ತಂಗಿಯ ಪಕ್ಕದಲ್ಲಿಯೇ ಇದ್ದರು.

ಊಟದ ಪಂಕ್ತಿಯಲ್ಲಿ ಮಾಸ್ಟ್ರು ತಲೆ ತಗ್ಗಿಸಿ ಪಾಯಸ ಕಲಸುತ್ತಿದ್ದಾಗ ಪಕ್ಕದಿಂದ ಸ್ವರ ಬಂತು. “ಟಿಕೆಟು ಮಾಡ್ಸಿ.”

“ಎಲ್ಲಿಗೆ?”

“ಮಂಗೋಲಿಯಾಕ್ಕೆ.”

“ನಾನು ಸೋತೆನಲ್ಲ ಮಾರಾಯ್ತಿ!”

“ದಾರಿ ತಪ್ಪುವುದು ಯಾರಿಗೂ ಉಂಟು. ನೀವು ಸತ್ತರೂ ಬಾಯಿ ಬಿಟ್ಟು ಕೇಳುವ ಜನ ಅಲ್ಲ ಅಂತ ನನಗೆ ಹೆದರಿಕೆ ಇದ್ದದ್ದು. ಇವತ್ತು ಕೇಳಿದ್ರಲ್ಲ, ಬರ್ತೇನೆ.”

ಮಾಸ್ಟ್ರಿಗೆ ಎದ್ದು ಕುಣಿಯುವಷ್ಟು ಖುಷಿಯಾಯಿತು.

“ಆದ್ರೆ ಅಲ್ಲಿ ಕೇಳ್ಲಿಕ್ಕೆ ಅವರ ಭಾಷೆ ಬೇಕಲ್ಲ? ದಿನಕ್ಕೆ ಹತ್ತು ಶಬ್ದ ಬಾಯಿಪಾಠ ಮಾಡಿ. ಸಂಜೆ ನಾನು ಕೇಳ್ತೇನೆ. ತಪ್ಪಿದ್ರೆ, ನೀವು ಮಕ್ಕಳಿಗೆ ಕೊಡ್ತಿದ್ದ ಹಾಗೆ, ನೂರು ಸಲ ಬರೀಲಿಕ್ಕೆ.”

ಈಗ ಸಂಜೆ ಹೊತ್ತು ತೋಡಾರಿನ ಆ ಮನೆಯ ಮುಂದೆ ಹಾದುಹೋದರೆ, ನಿವೃತ್ತ ಮಾಸ್ಟ್ರೊಬ್ಬರು ಕೈಕಟ್ಟಿ ನಿಂತು ಪಾಠ ಒಪ್ಪಿಸುವುದು ಕಾಣುತ್ತದೆ. ನಿನ್ನೆ ಹತ್ತರಲ್ಲಿ ನಾಲ್ಕು ತಪ್ಪಂತೆ.