ಮೇಲಿನ ಸೀರೆ ಮುಟ್ಟಿದರೆ ಕೆಳಗಿನದು ಬಂತು

ಮೌಸ್ ಇರುವುದು ಅಂಗೈಯಷ್ಟು. ಆದರೆ ಜಮಖಂಡಿಯ ನಮ್ಮ ಡಿಪ್ಲೊಮಾ ಕಾಲೇಜಿನಲ್ಲಿ ಅದು ವರ್ಷಕ್ಕೊಮ್ಮೆಯಾದರೂ ನನ್ನ ಮಾನ ತೆಗೆಯದೆ ಬಿಟ್ಟಿದ್ದಿಲ್ಲ. ನಾನು ಸಿ ಭಾಷೆ ಕಲಿಸುವ ಮಾಸ್ತರ. ಪರದೆಯ ಮೇಲೆ ನಾಲ್ಕಾರು ವಿಂಡೋ, ಅಂದರೆ ಬಣ್ಣದ ಚೌಕ, ಬಿಡಿಸಬೇಕು, ಮೌಸ್ ಒತ್ತಿದ ವಿಂಡೋ ಆಯ್ಕೆಯಾಗಬೇಕು. ಪ್ರಾಕ್ಟಿಕಲ್ ಪರೀಕ್ಷೆ ಇಷ್ಟೇ. ಬನಹಟ್ಟಿಯ ಸೀರೆ ಅಂಗಡಿಯವರ ಮಗಳೊಬ್ಬಳು ಇದರಲ್ಲಿ ಎರಡು ಸಲ ನಪಾಸಾಗಿದ್ದಳು. ಇದೇ ಕೊನೆಯ ಅವಕಾಶ. ಅವಳಿಗಿಂತ ನನಗೇ ಹೆಚ್ಚು ಭಯ.

೧. ಬದುವಿನ ತಕರಾರು

ಅಭ್ಯಾಸದ ಹೊತ್ತಿನಲ್ಲಿ ಅಕ್ಕಪಕ್ಕದ ಎರಡು ವಿಂಡೋಗಳ ನಡುವಿನ ಗೆರೆಯ ಮೇಲೇ ಹುಡುಗಿ ಮೌಸ್ ಒತ್ತಿದಳು. ಎರಡೂ ಓಗೊಡಲಿಲ್ಲ. ಗೆರೆ ಯಾವುದಕ್ಕೆ ಸೇರಿದ್ದೆಂದು ಪ್ರೋಗ್ರಾಮಿನಲ್ಲಿ ಬರೆದೇ ಇರಲಿಲ್ಲ.

ಲ್ಯಾಬ್ ಸಹಾಯಕರು ತುಬಚಿ ಊರಿನವರು, ಹೊಲ ಉಳ್ಳವರು. "ಕಾಕಾ, ಬದು ಯಾರ ಹೊಲಕ್ಕ ಸೇರತೈತ್ರಿ?" ಎಂದೆ.

"ಅದನ್ನ ಕೇಳಾಕತ್ತು ಹದಿನಾಕ ವರ್ಷ ಆತ್ರಿ ಸರ. ಕೋರ್ಟ್ ಇನ್ನೂ ಹೇಳಿಲ್ಲ."

ನಾವು ಗೆರೆಯನ್ನು ಎಡಗಡೆಯ ವಿಂಡೋಗೆ ಬರೆದುಕೊಟ್ಟೆವು. ಕಾಕಾ ಪರದೆಯನ್ನೇ ದಿಟ್ಟಿಸಿ ನೋಡಿ, ಮೆಲ್ಲಗೆ ಹೇಳಿದರು: "ನಮ್ಮ ಹೊಲಾನೂ ಎಡಗಡೆನ ಐತ್ರಿ."

೨. ಸಾಹೇಬರ ಬೆರಳು

ಮರುದಿನ ಪ್ರಾಚಾರ್ಯರು ತಾವೂ ನೋಡುತ್ತೇನೆಂದು ಬಂದು ಕೂತರು. ಮೌಸ್ ಒತ್ತಿದರು, ಒತ್ತಿದ ಬೆರಳು ತೆಗೆಯಲೇ ಇಲ್ಲ. ಒಂದೇ ಒತ್ತನ್ನು ಪ್ರೋಗ್ರಾಮು ನೂರಾರು ಸಲ ಎಣಿಸಿತು. ವಿಂಡೋ ಗಡಗಡ ನಡುಗತೊಡಗಿತು.

"ಯಾಕ್ರೀ ಹಿಂಗ ನಡುಗಾಕತ್ತೈತಿ?"

ಅವರು ಹೋದ ಮೇಲೆ, ಬೆರಳು ಎತ್ತುವ ತನಕ ಕಾಯುವಂತೆ ಹುಡುಗಿ ತಿದ್ದಿದಳು. ಕಾಕಾ ಮಾತ್ರ ವಿಂಡೋದ ಪಕ್ಷವೇ: "ಸಾಹೇಬ್ರ ಮುಂದ ಯಾರ ನಡುಗಂಗಿಲ್ಲ ಹೇಳ್ರಿ?"

೩. ಪುಸ್ತಕದಾಗ ಹಂಗ ಐತ್ರಿ

ಪರೀಕ್ಷೆಯ ದಿನ ಎಲ್ಲರೂ ವಿಂಡೋಗಳನ್ನು ಅಕ್ಕಪಕ್ಕ ಬಿಡಿಸಿದರು. ಇವಳೊಬ್ಬಳು ತಮ್ಮ ಅಂಗಡಿಯಲ್ಲಿ ಸೀರೆ ಹರವಿದಂತೆ ಒಂದರ ಮೇಲೊಂದು ಹಾಕಿದ್ದಳು. ಹೊರಗಿನಿಂದ ಬಂದ ಪರೀಕ್ಷಕರು ಎಲ್ಲಕ್ಕೂ ಮೇಲಿದ್ದ ಕೆಂಪು ವಿಂಡೋ ಒತ್ತಿದರು. ತಳದ ಹಸಿರು ಆಯ್ಕೆಯಾಯಿತು.

ಹುಡುಗಿ ಕೋಡನ್ನು ದಿಟ್ಟಿಸಿದಳು. "ಸರ, ಇದು ಮೊದಲ ಹಾಕಿದ ವಿಂಡೋದಿಂದ ಹುಡುಕಾಕತ್ತೈತ್ರಿ. ಗಿರಾಕಿ ಮ್ಯಾಲಿನ ಸೀರಿ ಮುಟ್ಟಿದ್ರ ತಳದ್ದು ಎಳದ ಕೊಟ್ಟಂಗಾತು. ಕಡೀಗೆ ಹಾಕಿದ್ದನ್ನ ಮೊದಲ ಕೇಳಬೇಕ್ರಿ." ಒಂದೇ ಸಾಲು ತಿರುವಿದಳು. ಕೆಂಪು ಒತ್ತಿದರೆ ಕೆಂಪೇ ಬಂತು.

ಹನ್ನೊಂದು ವರ್ಷ ಆ ತಪ್ಪು ಸಾಲನ್ನೇ ನಾನು ಕಲಿಸಿದ್ದೆ. ನಾಚಿಕೆಯಾಯಿತು.

"ಯಾರು ಕಲಿಸಿದ್ದು ಆ ತಪ್ಪು ಸಾಲು?" ಪರೀಕ್ಷಕರು ಗುಡುಗಿದರು.

ಹುಡುಗಿ ನನ್ನತ್ತ ನೋಡಿ, ನನ್ನನ್ನು ಉಳಿಸಲೆಂದು ಹೇಳಿದಳು: "ಸರದು ತಪ್ಪಿಲ್ರಿ. ಪುಸ್ತಕದಾಗ ಹಂಗ ಐತ್ರಿ."

ಆ ಪುಸ್ತಕ ಬರೆದವರು ಆ ಪರೀಕ್ಷಕರೇ. ನನಗೆ ಗೊತ್ತಿತ್ತು, ಅವಳಿಗಿರಲಿಲ್ಲ. ಮುಗೀತು ಈ ಹುಡುಗಿಯ ಕತೆ ಎಂದುಕೊಂಡೆ.

ಅವರು ಪುಸ್ತಕ ತರಿಸಿ, ಪುಟ ತೆಗೆದು, ತಮ್ಮ ಪೆನ್ನನ್ನು ಅವಳ ಕೈಗಿಟ್ಟರು. "ತಿದ್ದವಾ." ಅವಳು ತಿದ್ದಿದ ಮೇಲೆ ಅದೇ ಪೆನ್ನಿನಿಂದ ಅವಳ ಹೆಸರಿನ ಮುಂದೆ 'ಪಾಸ್' ಎಂದು ಬರೆದರು.

ಬಾಗಿಲಲ್ಲಿದ್ದ ಕಾಕಾ ನನ್ನ ಕಿವಿಯ ಹತ್ತಿರ ಬಂದರು: "ಎದುರಿನ ಪಾರ್ಟಿ ತಪ್ಪ ಒಪ್ಪಿಕೊಂಡ್ರ ಇಷ್ಟ ಲಗೂನ ಮುಗಿತೈತೇನ್ರಿ ಸರ?"